ಮನೇಲಿ ತೆಲುಗು, ಬೀದೀಲಿ ತಮಿಳು, ಅಂಗನವಾಡೀಲಿ ಕನ್ನಡ

ಅತ್ತಿಬೆಲೆ ಕಡೆಗೆ ಹೊಸದಾಗಿ ಬಂದಿದ್ದೀರಿ. ನಿಮ್ಮ ಮನೆ ಕೆಲಸಕ್ಕೆ ಬರುವಾಕೆಯ ಮಗು ಮೂರು ಭಾಷೆ ಕಲಸಿ ಮಾತಾಡುತ್ತೆ, ಇದರಿಂದ ಮಾತು ತಡವಾಗಲ್ವಾ ಅಂತ ಕೇಳಿದ್ದೀರಿ. ತಡವಾಗಲ್ಲ. ಬೆಂಗಳೂರು ನಗರ ಜಿಲ್ಲೆಯೇ ಆದರೂ ನಮ್ಮ ಆನೇಕಲ್ ತಾಲ್ಲೂಕು ಗಡಿನಾಡು. ಚೆಕ್‌ಪೋಸ್ಟ್ ದಾಟಿದರೆ ತಮಿಳುನಾಡಿನ ಹೊಸೂರು. ಇಲ್ಲಿ ಅಜ್ಜಿ ತೆಲುಗು, ಸೊಸೆ ತಮಿಳು, ಮೊಮ್ಮಗ ಎರಡರ ಜೊತೆ ಕನ್ನಡ ಮಾತಾಡೋದು ಮಾಮೂಲು. ಮಗುವಿಗೆ ಕನ್ನಡದ ಇಪ್ಪತ್ತು ಪದ, ತೆಲುಗಿನ ಮೂವತ್ತು ಪದ ಬಂದರೆ ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು. ಒಂದೇ ಭಾಷೆಯಲ್ಲಿ ಅಳೆದರೆ ಸುಮ್ನೆ ಹಿಂದುಳಿದಂತೆ ಕಾಣುತ್ತದೆ.

ಮಗುವಿನ ಮಾತಿಗೆ ತಿರುಗಿ ಮಾತಾಡುವವರು ಮನೇಲಿ ಎಷ್ಟು ಹೊತ್ತು ಇರುತ್ತಾರೆ? ವ್ಯತ್ಯಾಸ ಆಗುವುದು ಅಲ್ಲಿ.

ಬೊಮ್ಮಸಂದ್ರದ ಕಡೆ ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರನ್ನು ನೋಡಿ. ಶೀಟಿನ ಮನೆ, ಒಂದೇ ರೂಮು. ಬೆಳಗ್ಗೆ ನೀರು ಹಿಡಿದು, ಡಬ್ಬಿ ಕಟ್ಟಿಕೊಂಡು, ಮಗುವನ್ನು ಪಕ್ಕದ ಮನೆಗೆ ಒಪ್ಪಿಸಿ ಬಸ್ ಹತ್ತುತ್ತಾರೆ. ಸಂಜೆ ಉಳಿಯುವುದು "ಬಾ, ತಿನ್ನು, ಮಲಕ್ಕೋ" ಅಷ್ಟೇ. ಪ್ರೀತಿಗೆ ಕೊರತೆಯಿಲ್ಲ, ಹೊತ್ತಿಲ್ಲ. ಅದೇ ಸಾಲಿನ ಇನ್ನೊಂದು ಮನೆಯಲ್ಲೂ ಅಷ್ಟೇ ಬಡತನ, ಆದರೆ ಊರಿಂದ ಬಂದ ಅಜ್ಜಿ ಇದ್ದಾರೆ. ಅವರೆಕಾಯಿ ಬಿಡಿಸುತ್ತಾ ಕೂತಿರುತ್ತಾರೆ.

"ಇದ್ರಾಗೆ ಹುಳ ಐತೆ ನೋಡೋ."

"ಯಾಕೆ?"

"ಅದಕ್ಕೂ ಹಸಿವು ಅಲ್ವಾ."

"ಅದ್ರ ಅಮ್ಮ ಎಲ್ಲಿ?"

ಮಗು ಕೇಳುತ್ತಾ ಹೋಗುತ್ತದೆ, ಅಜ್ಜಿ ಹೇಳುತ್ತಾ ಹೋಗುತ್ತಾರೆ. ಇಂಥ ಮಕ್ಕಳು ಬೇಗ ಕಥೆ ಕಟ್ಟಲು ಶುರು ಮಾಡುತ್ತವೆ.

ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಹಾರ್ಟ್ ಮತ್ತು ರಿಸ್ಲಿ ಎಂಬ ಸಂಶೋಧಕರು 42 ಮನೆಗಳ ಮಾತನ್ನು ದಾಖಲಿಸಿದ್ದರು. ನಾಲ್ಕು ವರ್ಷ ತುಂಬುವ ಹೊತ್ತಿಗೆ ಬಡಮನೆಯ ಮಗು ಅನುಕೂಲಸ್ಥರ ಮಗುವಿಗಿಂತ ಸುಮಾರು 3 ಕೋಟಿ ಪದ ಕಡಿಮೆ ಕೇಳಿರುತ್ತದೆ ಎಂದು 1995ರಲ್ಲಿ ಅಂದಾಜು ಕೊಟ್ಟರು. 2018ರಲ್ಲಿ ಬೇರೆಯವರು ಇದನ್ನು ಪ್ರಶ್ನಿಸಿದರು. ಬಡವರಲ್ಲೇ ಮನೆಯಿಂದ ಮನೆಗೆ ಬಹಳ ವ್ಯತ್ಯಾಸ ಇದೆ, ಸುತ್ತಲಿನವರ ಮಾತನ್ನೂ ಸೇರಿಸಿದರೆ ಅಂತರ ಕುಗ್ಗುತ್ತದೆ ಎಂದರು. ವಠಾರದಲ್ಲಿ ಬೆಳೆದ ನನಗೆ ಇದೇ ಸರಿ ಅನ್ನಿಸುತ್ತದೆ. ಅದೇ ವರ್ಷ ಬಂದ ಇನ್ನೊಂದು ಅಧ್ಯಯನವೂ ಬರೀ ಪದಗಳ ಲೆಕ್ಕಕ್ಕಿಂತ ದೊಡ್ಡವರೂ ಮಗುವೂ ಸರದಿಯಂತೆ ಆಡುವ ಮಾತಿಗೆ ಜಾಸ್ತಿ ತೂಕ ಕೊಟ್ಟಿದೆ.

ನನಗೆ ನಿಜಕ್ಕೂ ಸಂಕಟ ಆಗುವುದು ಬೇರೆ ವಿಷಯಕ್ಕೆ. ನರ್ಸರಿಗೆ ಸೇರಿಸುವಾಗ ಕೆಲವು ಕಡೆ "ಮನೇಲೂ ಇಂಗ್ಲಿಷಲ್ಲೇ ಮಾತಾಡಿ" ಅಂತಾರೆ. ಸಾಲ ಮಾಡಿ ಫೀಸು ಕಟ್ಟಿದ ತಂದೆತಾಯಿ ಅದನ್ನು ಪಾಲಿಸುತ್ತಾರೆ. ಇಂಗ್ಲಿಷಿನಲ್ಲಿ ಅವರಿಗೆ ಬರುವುದು "ಕಮ್", "ಸಿಟ್", "ಡೋಂಟ್" ಇಷ್ಟೇ. ಹುಳದ ಅಮ್ಮನ ವಿಷಯ ಅದರಲ್ಲಿ ಹೇಳಲು ಆಗುತ್ತಾ? ತುಂಬಿದ ಮಾತಿನ ಮನೆಯೊಂದು ಹೀಗೆ ಮೂಕವಾಗುತ್ತದೆ.

ಒಂದೂವರೆ ವರ್ಷವಾದರೂ ಮಗು ಒಂದು ಪದವನ್ನೂ ಆಡದಿದ್ದರೆ, ಕರೆದರೆ ತಿರುಗದಿದ್ದರೆ ಭಾಷೆಗಳ ಮೇಲೆ ತಪ್ಪು ಹೊರಿಸಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಲಿ. ಇನ್ನು ನಿಮ್ಮ ಮನೆ ಕೆಲಸದಾಕೆ ಮಗುವನ್ನು ಜೊತೆಗೆ ಕರೆತಂದ ದಿನ ಕೈಗೆ ಮೊಬೈಲ್ ಕೊಡಬೇಡಿ. ನಿಮಗೆ ಬರುವ ಭಾಷೆಯಲ್ಲೇ ಏನಾದರೂ ಕೇಳಿ, ಅದು ಉತ್ತರ ಹೇಳುವವರೆಗೂ ಕಾಯಿರಿ. ಆಗುವುದಾದರೆ ಆಕೆಯನ್ನು ಅರ್ಧ ಗಂಟೆ ಮುಂಚೆಯೇ ಮನೆಗೆ ಕಳಿಸಿ, ಸಂಬಳ ಹಿಡಿಯದೆ.