ಗಾಳಿ ತುಂಬುವ ಕಯಾಕ್: ಕೊಳ್ಳುವಾಗ, ನೀರಿಗಿಳಿಸುವಾಗ

ಪ್ರಶ್ನೆ: ಗಟ್ಟಿ ಕಯಾಕ್ (ಹುಟ್ಟು ಹಾಕಿ ಓಡಿಸುವ ಉದ್ದನೆಯ ಕಿರುದೋಣಿ) ಇಡಲು ಮನೆಯಲ್ಲಿ ಜಾಗವಿಲ್ಲ. ಅದಕ್ಕೇ ಗಾಳಿ ತುಂಬುವ ಕಯಾಕ್ ಕೊಳ್ಳಬೇಕೆಂದಿದ್ದೇನೆ. ನೋಡಲು ಎಲ್ಲವೂ ಒಂದೇ ಥರ, ಬೆಲೆ ಮಾತ್ರ ಅಜಗಜಾಂತರ. ನಾನು ಓಡಿಸುವುದು ಕೆರೆಯಂಥ ನಿಂತ ನೀರಿನಲ್ಲಿ, ಬಹುತೇಕ ಒಬ್ಬಳೇ. ಯಾವುದನ್ನು ಕೊಳ್ಳಲಿ?

ಉತ್ತರ: ಬೆಲೆಯ ಅಂತರ ಬಹುಮಟ್ಟಿಗೆ ಒಂದೇ ಕಾರಣಕ್ಕೆ: ದೋಣಿ ಎಷ್ಟು ಒತ್ತಡದ ಗಾಳಿಯನ್ನು ತಡೆದುಕೊಳ್ಳುತ್ತದೆ ಎಂಬುದಕ್ಕೆ. ಬರೀ ಪಿವಿಸಿ ಹಾಳೆಯಿಂದ ಮಾಡಿದ ಅಗ್ಗದ ಕಯಾಕ್‌ಗೆ ಸುಮಾರು 1 ಪಿಎಸ್ಐ (ಗಾಳಿಯ ಒತ್ತಡದ ಅಳತೆ, ಚದರ ಇಂಚಿಗೆ ಇಷ್ಟು ಪೌಂಡ್ ಎಂದು) ಗಾಳಿ ಸಾಕು. ಅಷ್ಟು ಮೆತ್ತಗಿರುವುದರಿಂದ ನೀವು ಕೂತಾಗ ನಡು ತಗ್ಗಿ ಎರಡೂ ತುದಿ ಮೇಲೇಳುತ್ತವೆ, ದೋಣಿ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಬಾಗಿದ ದೋಣಿ ನೀರನ್ನು ಸೀಳುವುದಿಲ್ಲ, ತಳ್ಳುತ್ತದೆ. ಎಷ್ಟು ಹುಟ್ಟು ಹಾಕಿದರೂ ಮುಂದೆ ಹೋಗದಿರುವುದಕ್ಕೆ ಇದೇ ಕಾರಣ.

ಎರಡನೆಯ ಬಗೆಯಲ್ಲಿ ಒಳಗೆ ಗಾಳಿಚೀಲ, ಹೊರಗೆ ದಪ್ಪ ಬಟ್ಟೆಯ ಕವಚ ಇರುತ್ತದೆ. ಇವು ಸಾಮಾನ್ಯವಾಗಿ 2ರಿಂದ 3 ಪಿಎಸ್ಐ ತಡೆಯುತ್ತವೆ, ಕಲ್ಲು ಕಡ್ಡಿ ತರಚಿದರೆ ಬೇಗ ಕೆಡುವುದಿಲ್ಲ. ಮೂರನೆಯದು ಡ್ರಾಪ್ ಸ್ಟಿಚ್. ಮೇಲಿನ ಹಾಳೆಗೂ ಕೆಳಗಿನ ಹಾಳೆಗೂ ನಡುವೆ ಸಾವಿರಾರು ನೂಲುಗಳನ್ನು ಹೆಣೆದಿರುತ್ತಾರೆ. ಗಾಳಿ ತುಂಬಿದಾಗ ಆ ನೂಲುಗಳು ಬಿಗಿದು ನಿಲ್ಲುವುದರಿಂದ ತಳ ಉಬ್ಬದೆ ಹಲಗೆಯಂತೆ ಸಪಾಟಾಗಿರುತ್ತದೆ. ಇದಕ್ಕೆ 8ರಿಂದ 10 ಪಿಎಸ್ಐವರೆಗೆ ತುಂಬಬಹುದು.

ನಿಮ್ಮ ಉಪಯೋಗಕ್ಕೆ ಪೂರ್ತಿ ಡ್ರಾಪ್ ಸ್ಟಿಚ್ ಬೇಕಾಗಿಲ್ಲ. ಬಟ್ಟೆಯ ಕವಚವಿದ್ದು, ತಳ ಮಾತ್ರ ಡ್ರಾಪ್ ಸ್ಟಿಚ್ ಇರುವ ಕಯಾಕ್ ಸಿಕ್ಕರೆ ಅದನ್ನೇ ಕೊಳ್ಳಿ. ಉದ್ದ 3 ಮೀಟರಿಗೆ ಕಡಿಮೆ ಬೇಡ. ಗಿಡ್ಡ ದೋಣಿಯ ಮೂತಿ ಪ್ರತಿ ಹುಟ್ಟಿಗೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತಲೇ ಇರುತ್ತದೆ. ದೋಣಿ ನೆಟ್ಟಗೆ ಸಾಗಲು ತಳಕ್ಕೆ ಸಿಕ್ಕಿಸುವ ಫಿನ್ (ಮೀನಿನ ರೆಕ್ಕೆಯಂಥ ಪಟ್ಟಿ) ಇರಲೇಬೇಕು. ಗಾಳಿಯ ಕೋಣೆಗಳು ಕನಿಷ್ಠ ಮೂರಿರಲಿ, ಒಂದು ಪಂಚರ್ ಆದರೂ ಉಳಿದವು ದಡ ಮುಟ್ಟಿಸುತ್ತವೆ. ಪೆಟ್ಟಿಗೆಯ ಮೇಲೆ ಬರೆದ ಗರಿಷ್ಠ ಭಾರದ ಮುಕ್ಕಾಲು ಪಾಲಿನೊಳಗೆ ನಿಮ್ಮ ತೂಕವೂ ಸಾಮಾನೂ ಸೇರಿರಲಿ. ಇಬ್ಬರು ಕೂರುವಂಥದ್ದನ್ನು ಕೊಳ್ಳುವುದಾದರೆ ಸೀಟನ್ನು ನಡುವಿಗೆ ಸರಿಸಿಕೊಳ್ಳಬಹುದೇ ನೋಡಿ, ಇಲ್ಲವಾದರೆ ಒಬ್ಬರೇ ಓಡಿಸುವುದು ಬಹಳ ಕಷ್ಟ.

ಹುಟ್ಟಿನ ವಿಷಯದಲ್ಲಿ ಜಿಪುಣತನ ಬೇಡ. ಈ ದೋಣಿಗಳು ಅಗಲ, ಹಾಗಾಗಿ ಹುಟ್ಟು 230 ಸೆಂಟಿಮೀಟರ್ ಆಸುಪಾಸಿನಲ್ಲಿರಬೇಕು. ದೋಣಿಯ ಜೊತೆ ಬರುವ ಹುಟ್ಟು ಎಷ್ಟೋ ಸಲ ಗಿಡ್ಡವೂ ಭಾರವೂ ಆಗಿರುತ್ತದೆ. ತೋಳು ಸೋಲುವುದು ಅದರಿಂದಲೇ.

ಪ್ರಶ್ನೆ: ಗಾಳಿ ಎಷ್ಟು ತುಂಬಬೇಕು? ಕಾರಿನ ಟೈರಿಗೆ ಗಾಳಿ ಹಾಕುವ ಕಂಪ್ರೆಸರ್ ನಮ್ಮಲ್ಲಿದೆ, ಅದರಲ್ಲೇ ತುಂಬಿಸಬಹುದೇ?

ಉತ್ತರ: ಬೇಡ. ಅದನ್ನು ಮಾಡಿರುವುದು 30 ಪಿಎಸ್ಐ ಆಸುಪಾಸಿನ ಟೈರಿಗೆ. ಕಯಾಕ್ ಕೇಳುವುದು ಕಡಿಮೆ ಒತ್ತಡದಲ್ಲಿ ರಾಶಿ ಗಾಳಿಯನ್ನು. ಒಂದು ಕ್ಷಣ ಮೈಮರೆತರೆ ಬೆಸುಗೆಯೇ ಬಿಟ್ಟುಕೊಳ್ಳುತ್ತದೆ. ಎಳೆದಾಗಲೂ ಒತ್ತಿದಾಗಲೂ ಗಾಳಿ ಹೋಗುವಂಥ ಕೈಪಂಪ್, ಅದಕ್ಕೊಂದು ಒತ್ತಡದ ಮೀಟರ್ ಇದ್ದರೆ ಸಾಕು. ಯಾವ ಕೋಣೆ ಮೊದಲು, ಎಷ್ಟು ಪಿಎಸ್ಐ ಎಂಬುದಕ್ಕೆ ದೋಣಿಯ ಜೊತೆ ಬಂದ ಸೂಚನೆಯೇ ಪ್ರಮಾಣ. ಹೊಸಬರು ಒಡೆದೀತೆಂಬ ಭಯಕ್ಕೆ ಕಡಿಮೆ ತುಂಬುತ್ತಾರೆ, ಆಮೇಲೆ ದೋಣಿಯೇ ಸರಿಯಿಲ್ಲ ಎನ್ನುತ್ತಾರೆ. ಮೀಟರನ್ನು ನಂಬಿ.

ಭಯಪಡಬೇಕಾದದ್ದು ಬಿಸಿಲಿಗೆ. 20 ಡಿಗ್ರಿಯಲ್ಲಿ 3 ಪಿಎಸ್ಐ ತುಂಬಿದ ಕೋಣೆ ದಡದ ಬಿಸಿಲಿನಲ್ಲಿ 40 ಡಿಗ್ರಿಗೆ ಕಾದರೆ, ಒಳಗಿನ ಒತ್ತಡ 4 ಪಿಎಸ್ಐ ದಾಟಬಲ್ಲದು. ನೀರಿನಲ್ಲಿದ್ದಾಗ ತಳ ತಂಪಾಗಿರುವುದರಿಂದ ಈ ತೊಂದರೆ ಕಡಿಮೆ. ನೀರಿನಿಂದ ಎತ್ತಿ ದಡಕ್ಕಿಟ್ಟು ಊಟಕ್ಕೆ ಕೂತಾಗಲೇ ಅಪಾಯ. ನೆರಳಿಗೆ ಸರಿಸಿ, ನೆರಳಿಲ್ಲದಿದ್ದರೆ ಪ್ರತಿ ಕೋಣೆಯಿಂದಲೂ ಸ್ವಲ್ಪ ಗಾಳಿ ಬಿಡಿ. ಇದರ ಉಲ್ಟಾ ಕೂಡ ಆಗುತ್ತದೆ: ಬಿಸಿಲಿನಲ್ಲಿ ತುಂಬಿಸಿದ ದೋಣಿ ತಣ್ಣೀರಿಗಿಳಿದ ಕೆಲಹೊತ್ತಿಗೆ ಮೆತ್ತಗಾದರೆ ತೂತು ಬಿದ್ದಿದೆ ಎಂದು ಗಾಬರಿಯಾಗಬೇಡಿ. ದಡದ ಬಳಿಯೇ ನಾಲ್ಕು ಪಂಪ್ ಹೊಡೆದು ಮತ್ತೆ ಮೀಟರ್ ನೋಡಿ.

ಕೊಂಡು ತಂದ ದಿನವೇ ಮನೆಯೊಳಗೆ ತುಂಬಿಸಿ ಒಂದು ರಾತ್ರಿ ಬಿಡಿ. ಹೊಸ ದೋಣಿ ತುಸು ಹಿಗ್ಗುವುದರಿಂದ ಬೆಳಿಗ್ಗೆ ಒತ್ತಡ ಸ್ವಲ್ಪ ಇಳಿದಿದ್ದರೆ ಚಿಂತೆಯಿಲ್ಲ. ಒಂದು ಕೋಣೆ ಮಾತ್ರ ಜೋತುಬಿದ್ದಿದ್ದರೆ ಮೊದಲು ವಾಲ್ವ್‌ಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ವಾಲ್ವ್ ಸರಿಯಾಗಿ ಬಿಗಿಯದೆ ಸೋರುವುದೇ ಹೆಚ್ಚು.

ಪ್ರಶ್ನೆ: ನನಗೆ ಈಜು ಅಲ್ಪಸ್ವಲ್ಪ ಬರುತ್ತದೆ. ಮೊದಲ ದಿನ ಏನೇನು ಎಚ್ಚರ ಬೇಕು?

ಉತ್ತರ: ಹೊರಡುವ ಮುಂಚೆ ದಡದಲ್ಲಿ ನೀರಿನ ಕಡೆ ಮುಖ ಮಾಡಿ ನಿಲ್ಲಿ. ಗಾಳಿ ನಿಮ್ಮ ಬೆನ್ನಿಗೆ ಬೀಸುತ್ತಿದ್ದರೆ ಆ ದಿನ, ಆ ದಡದಿಂದ ಇಳಿಯಬೇಡಿ. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ದಡದಿಂದ ಒಳಕ್ಕೆ ಬೀಸುವ ಗಾಳಿಯಲ್ಲಿ ಹತ್ತಿರದ ನೀರು ಕನ್ನಡಿಯಂತಿರುತ್ತದೆ. ಮರಗಳ ಮರೆ ದಾಟಿದ ಮೇಲೆ ಗಾಳಿಯ ನಿಜವಾದ ಬಲ ತಿಳಿಯುತ್ತದೆ. ಈ ದೋಣಿ ಹಗುರ, ನೀರಿನ ಮೇಲೆ ಎತ್ತರಕ್ಕೆ ತೇಲುತ್ತದೆ, ಅದರ ಇಡೀ ಪಕ್ಕೆಯೇ ಹಾಯಿಯಾಗಿಬಿಡುತ್ತದೆ. ಹೋಗುವಾಗ ಸಲೀಸು. ತಿರುಗಿ ಬರುವಾಗ ಹೊಸಬರ ತೋಳಿಗೆ ಆ ಬಲ ಇರುವುದಿಲ್ಲ.

ಆದ್ದರಿಂದ ಮೊದಲು ಗಾಳಿಗೆ ಎದುರಾಗಿ ಹೋಗಿ, ಸುಸ್ತಾಗುವ ಮುಂಚೆಯೇ ತಿರುಗಿ. ಆಗ ಗಾಳಿಯೇ ಮನೆಗೆ ತಳ್ಳುತ್ತದೆ. ಗಾಳಿಯ ಬಲ ಹೇಳುವ ಬೊಫೋರ್ಟ್ ಅಳತೆಯ 3, ಅಂದರೆ ಗಂಟೆಗೆ 12ರಿಂದ 19 ಕಿಲೋಮೀಟರ್ ವೇಗದ ಗಾಳಿಗೆ ಎಲೆಗಳು ಬಿಡುವಿಲ್ಲದೆ ಅಲ್ಲಾಡುತ್ತವೆ, ಅಲ್ಲಲ್ಲಿ ಅಲೆಯ ತಲೆ ಬೆಳ್ಳಗಾಗುತ್ತದೆ. ಮೊದಲ ದಿನಕ್ಕೆ ಅಷ್ಟು ಗಾಳಿಯೂ ಹೆಚ್ಚು.

ಲೈಫ್ ಜಾಕೆಟ್ ಮೈಮೇಲೆ ಬಿಗಿದಿರಬೇಕು, ಸೀಟಿನ ಹಿಂದೆ ಅಲ್ಲ. ಐಎಸ್‌ಒ 12402 ಮಾನದಂಡದಲ್ಲಿ ತೇಲಿಸುವ ಬಲದ ಮಟ್ಟ 50 ಎಂದು ಗುರುತಿಸಿದವು ಈಜು ಚೆನ್ನಾಗಿ ಬರುವವರಿಗೆ, ನೆರವು ಹತ್ತಿರವೇ ಇರುವ ಕಡೆಗೆ. ಪ್ರಜ್ಞೆ ತಪ್ಪಿದವರ ಮುಖವನ್ನು ಅವು ಮೇಲೆತ್ತಿ ಹಿಡಿಯುವುದಿಲ್ಲ. ನೀವು 100 ಇರುವುದನ್ನು ಆರಿಸಿಕೊಳ್ಳಿ. ಜೊತೆಗೆ ಒಬ್ಬರು ಇರಲಿ, ಆಳಕ್ಕೆ ಹೋಗದೆ ದಡದ ಉದ್ದಕ್ಕೂ ಓಡಿಸಿ.

ಅದೇ ದಿನ, ಸೊಂಟದ ಮಟ್ಟದ ನೀರಿನಲ್ಲಿ, ಬೇಕೆಂದೇ ದೋಣಿ ಮಗುಚಿ ಮತ್ತೆ ಹತ್ತುವುದನ್ನು ಕಲಿಯಿರಿ. ಇದನ್ನು ಕಲಿಯದೆ ಯಾರೂ ಆಳಕ್ಕೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ದೋಣಿಯನ್ನು ನೆಟ್ಟಗೆ ಮಾಡಿ, ಪಕ್ಕದಲ್ಲಿ ಹಿಡಿದುಕೊಂಡು ಕಾಲುಗಳನ್ನು ಹಿಂದಕ್ಕೆ ನೀರಿನ ಮೇಲ್ಮೈಗೆ ತನ್ನಿ. ಕಾಲು ಬಡಿಯುತ್ತಾ ಹೊಟ್ಟೆಯ ಮೇಲೆ ದೋಣಿಗೆ ಅಡ್ಡಲಾಗಿ ಜಾರಿ, ಆಮೇಲೆ ಮೆಲ್ಲಗೆ ಹೊರಳಿ ಕೂತುಕೊಳ್ಳಿ. ಕಾಲು ಕೆಳಗೆ ಜೋತುಬಿದ್ದಿದ್ದರೆ ಎಷ್ಟು ಜಗ್ಗಿದರೂ ಹತ್ತಲಾಗದು. ಬಿದ್ದಾಗ ದೋಣಿಯನ್ನು ಕೈಬಿಡಬೇಡಿ: ಖಾಲಿ ದೋಣಿಯನ್ನು ಗಾಳಿ ಒಯ್ಯುವ ವೇಗಕ್ಕೆ ಈಜಿ ಹಿಡಿಯುವುದು ಆಗದ ಮಾತು. ನೀರು ತೀರಾ ತಣ್ಣಗಿದ್ದರೆ ಮೊದಲ ಒಂದು ನಿಮಿಷ ಉಸಿರು ತಾನಾಗಿ ಏದುತ್ತದೆ. ಆಗ ಹತ್ತಲು ಒದ್ದಾಡದೆ ದೋಣಿ ಹಿಡಿದು ಉಸಿರು ಹತೋಟಿಗೆ ಬರುವವರೆಗೆ ತಡೆಯಿರಿ. ಕೈಕಾಲು ಮರಗಟ್ಟುವ ಮುನ್ನ ಸಿಗುವ ಸಮಯ ಸುಮಾರು ಹತ್ತು ನಿಮಿಷ.

ಪ್ರಶ್ನೆ: ಬಳಸಿದ ಮೇಲೆ ಮಡಿಚಿ ಚೀಲಕ್ಕೆ ತುಂಬಿದರೆ ಸಾಕೇ?

ಉತ್ತರ: ಒಣಗಿಸಿದ ಮೇಲೆ. ಕವಚಕ್ಕೂ ಗಾಳಿಚೀಲಕ್ಕೂ ನಡುವೆ ನೀರು ಕೂತಿರುತ್ತದೆ, ಮೇಲೆ ಒರೆಸಿದರೆ ಹೋಗುವುದಿಲ್ಲ. ಜಿಪ್ ತೆಗೆದು ನೆರಳಲ್ಲಿ ಆರಲು ಬಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿದು ನಾರುತ್ತದೆ. ಪ್ರತಿ ಸಲ ಅದೇ ಗೆರೆಯಲ್ಲಿ ಒತ್ತಿ ಮಡಿಚದೆ ಸಡಿಲವಾಗಿ ಸುತ್ತಿಡಿ, ಇಲಿಗೆ ಸಿಗದಂತೆ ಇಡಿ. ಪ್ಯಾಚ್ ಹಾಕಬೇಕಾಗಿ ಬಂದರೆ ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ ಒಣಗಿಸಿ, ದೋಣಿಯ ವಸ್ತುವಿಗೆ ಹೊಂದುವ ಅಂಟನ್ನೇ ಬಳಸಿ, ಅಂಟಿನ ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಪೂರ್ತಿ ಕಳೆದ ಮೇಲಷ್ಟೇ ಗಾಳಿ ತುಂಬಿ.