ತಂದೆ ಕಟ್ಟಿದ ಮನೆ, ಮಕ್ಕಳ ನಡುವಿನ ಗೋಡೆ

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿ, ಕುಟುಂಬದವರ ಒಪ್ಪಿಗೆ ಪಡೆದು ಬರೆದ ಪ್ರಕರಣ.)

ನಲವತ್ತರ ಆಸುಪಾಸಿನ ಆ ಮಹಿಳೆ ಆಪ್ತಸಮಾಲೋಚನೆಗಾಗಿ ನನ್ನಲ್ಲಿಗೆ ಬಂದದ್ದು ತಂದೆ ತೀರಿಕೊಂಡು ಎಂಟು ತಿಂಗಳಾದ ಮೇಲೆ. ತಂದೆ ಗಾರೆ ಕೆಲಸದಿಂದ ಆರಂಭಿಸಿ, ಮುಂದೆ ಸ್ವತಃ ಮನೆ ಕಟ್ಟಿಸಿಕೊಡುವ ಮೇಸ್ತ್ರಿಯಾದವರು. ಊರವರಿಗೆಲ್ಲ ಮನೆ ಕಟ್ಟಿಕೊಟ್ಟು, ತಮ್ಮ ಮನೆಯನ್ನು ಮಾತ್ರ ಬಿಡುವು ಸಿಕ್ಕಾಗಲೆಲ್ಲ ಒಂದೊಂದೇ ಕೋಣೆಯಾಗಿ ಎಬ್ಬಿಸಿದವರು. ಈಗ ಆ ಮನೆಯಲ್ಲಿರುವ ತಮ್ಮ, ನಡುಗೋಡೆಯೊಂದನ್ನು ಒಡೆಸಿ ಎರಡು ಕೋಣೆಗಳನ್ನು ಒಂದು ಮಾಡಲು ಹೊರಟಿದ್ದರು. ಆ ಗೋಡೆಯ ಕಪಾಟಿನೊಳಗೆ, ಬಣ್ಣ ಬಳಿಯದೆ ಬಿಟ್ಟ ಜಾಗದಲ್ಲಿ, ತಂದೆ ಪೆನ್ಸಿಲಿನಿಂದ ಬರೆದ ಅಳತೆಯ ಲೆಕ್ಕವಿತ್ತು. ಒಂದು ಕಡೆ ಕೂಡಿದ್ದು ತಪ್ಪಾಗಿ, ಅಂಕಿಯನ್ನು ಹೊಡೆದುಹಾಕಿ ಕೆಳಗೆ ಮತ್ತೆ ಬರೆದಿದ್ದರು. ಇದೇ ವಿಷಯಕ್ಕೆ ಅಕ್ಕ ತಮ್ಮಂದಿರ ಮಾತು ನಿಂತು ಎರಡು ತಿಂಗಳಾಗಿತ್ತು.

ಅವರಿಗೆ ಇನ್ನೂ ಒಂದು ಸಂಕಟವಿತ್ತು. ಮೊದಲ ವರ್ಷದ ನೆನಪಿನ ದಿನಕ್ಕಾಗಿ ತಂದೆಯ ಬದುಕಿನ ಬಗ್ಗೆ ಎರಡು ಪುಟ ಬರೆದುಕೊಡಬೇಕೆಂದು ಬಂಧುಗಳು ಕೇಳಿದ್ದರು. “ಬರೆಯಲು ಕೂತರೆ ಆಸ್ಪತ್ರೆಯ ಹಾಸಿಗೆಯೇ ಕಣ್ಣ ಮುಂದೆ ಬರುತ್ತದೆ ಮೇಡಂ. ಎಪ್ಪತ್ತು ವರ್ಷ ಬದುಕಿದ ಮನುಷ್ಯ ನನಗೆ ಕೊನೆಯ ಹನ್ನೊಂದು ದಿನವಾಗಿಬಿಟ್ಟಿದ್ದಾರೆ” ಎಂದು ಅತ್ತರು.

ನಿದ್ದೆ, ಊಟ, ಉದ್ಯೋಗ, ಬದುಕುವ ಇಚ್ಛೆ ಇವುಗಳ ಬಗ್ಗೆ ಮೊದಲು ವಿಚಾರಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೆಯ ಆವೃತ್ತಿಯಲ್ಲಿ ದೀರ್ಘಕಾಲದ ಶೋಕವನ್ನು ಒಂದು ತೊಂದರೆಯಾಗಿ ಗುರುತಿಸಲು ಕನಿಷ್ಠ 6 ತಿಂಗಳ ಅವಧಿಯನ್ನು ಹೇಳಲಾಗಿದೆಯಾದರೂ, ತಿಂಗಳುಗಳನ್ನು ಎಣಿಸಿದ ಮಾತ್ರಕ್ಕೆ ಅದು ರೋಗವಾಗುವುದಿಲ್ಲ. ದಿನನಿತ್ಯದ ಬದುಕು ಗಂಭೀರವಾಗಿ ಕುಸಿದಿರಬೇಕು. ಇವರ ಬದುಕು ಹಾಗೆ ಕುಸಿದಿರಲಿಲ್ಲ. “ನಾನು ಯಾವ ಹಂತದಲ್ಲಿದ್ದೇನೆ?” ಎಂದು ಅವರು ಕೇಳಿದಾಗ, 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ ವಿವರಿಸಿದ ಐದು ಹಂತಗಳು (ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವಿಕೆ) ಮೂಲತಃ ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಕುರಿತವು, ದುಃಖದಲ್ಲಿರುವವರೆಲ್ಲ ಅವನ್ನು ಸಾಲಾಗಿ ಹತ್ತಬೇಕಾಗಿಲ್ಲ ಎಂದು ತಿಳಿಸಿದೆ. ಶೋಕದ ಬಗ್ಗೆ ಸಂಶೋಧನೆ ಮಾಡಿದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಷುಟ್ 1999ರಲ್ಲಿ ಮಂಡಿಸಿದ ವಿಚಾರ ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ: ದುಃಖಿತರು ಒಮ್ಮೆ ಅಗಲಿಕೆಯತ್ತ, ಒಮ್ಮೆ ಮುಂದಿನ ಬದುಕಿನತ್ತ ವಾಲುತ್ತಿರುತ್ತಾರೆ, ಆ ಓಲಾಟವೇ ಸಹಜ.

ಮೂರನೆಯ ಭೇಟಿಗೆ ತಂದೆಯ ಕೆಲಸದ ಚೀಲವನ್ನು ತರಲು ಹೇಳಿದೆ. ತುದಿ ಸವೆದು ಮೊಂಡಾದ ಕರಣೆ, ದಾರ ಸುತ್ತಿದ ತೂಗುಗುಂಡು, ರಸಮಟ್ಟ, ಸುರುಳಿ ಮಾಡಿದ ಉದ್ದನೆಯ ಪಾರದರ್ಶಕ ಟ್ಯೂಬು. ತಂದೆ ಎಂಥವರು ಎಂದು ನಾನು ಕೇಳಲಿಲ್ಲ. ಈ ಟ್ಯೂಬಿನಿಂದ ಏನು ಮಾಡುತ್ತಿದ್ದರು ಎಂದಷ್ಟೇ ಕೇಳಿದೆ. ಟ್ಯೂಬಿಗೆ ನೀರು ತುಂಬಿ ಒಂದು ತುದಿಯನ್ನು ಒಂದು ಮೂಲೆಯಲ್ಲಿ, ಇನ್ನೊಂದನ್ನು ಎದುರು ಮೂಲೆಯಲ್ಲಿ ಹಿಡಿದರೆ, ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ, ಅಲ್ಲಿ ಗುರುತು ಹಾಕಬೇಕು ಎಂದು ವಿವರಿಸುತ್ತಲೇ ಅವರ ಕೈ ತಾನಾಗಿ ಮೇಲೆದ್ದಿತು. ಏಳೆಂಟು ವರ್ಷದ ಹುಡುಗಿಯಾಗಿ ಅವರು ಒಂದು ತುದಿ ಹಿಡಿದು ನಿಲ್ಲುತ್ತಿದ್ದರಂತೆ. ಆಚೆ ಮೂಲೆಯಿಂದ ತಂದೆ, “ಹೆಬ್ಬೆಟ್ಟು ತೆಗಿ. ನೀರು ನಿಂತಿತಾ ಮಗಳೇ?” ಎಂದು ಕೂಗುತ್ತಿದ್ದರಂತೆ. ಆಸ್ಪತ್ರೆಯಿಂದ ಹೊರಗೆ ಅವರು ತಂದೆಯನ್ನು ಕಂಡದ್ದು ಅಂದೇ ಮೊದಲು.

ನಾನು ಕೊಟ್ಟ ಸಲಹೆ ಇಷ್ಟು. ಬರಹದಲ್ಲಿ ಗುಣಗಳನ್ನು ಪಟ್ಟಿ ಮಾಡಬೇಡಿ, ಕೈಗಳು ಮಾಡಿದ್ದನ್ನು ಬರೆಯಿರಿ. ಕಾಂಕ್ರೀಟ್ ಪೂರ್ಣ ಗಟ್ಟಿಯಾಯಿತೆಂದು ಲೆಕ್ಕ ಹಿಡಿಯುವುದು 28 ದಿನಕ್ಕೆ, ಆರಂಭದ ದಿನಗಳಲ್ಲಿ ಅದು ಒಣಗದಂತೆ ನೀರುಣಿಸುತ್ತಲೇ ಇರಬೇಕು. ಅದಕ್ಕಾಗಿ ತಂದೆ ಮುಂಜಾನೆ ಎದ್ದು ಹೋಗುತ್ತಿದ್ದುದನ್ನು ಬರೆಯಿರಿ. ಬೇರೆಯವರ ಮನೆಗೆ ನೀರು ಹಾಕುತ್ತಾ ನಿಮ್ಮ ಶಾಲೆಗೆ ಒಮ್ಮೆಯೂ ಬರಲಿಲ್ಲ ಎಂಬ ನೋವನ್ನೂ ಬರೆಯಿರಿ, ಅದನ್ನು ಮುಚ್ಚಿಟ್ಟರೆ ಉಳಿದದ್ದೂ ಬಾಯಿಗೆ ಬರುವುದಿಲ್ಲ. ಅವರು ಕಟ್ಟಿದ ಬೇರೊಂದು ಮನೆಗೆ ಹೋಗಿ, ಅಲ್ಲಿ ವಾಸವಿರುವವರನ್ನು ಮಾತನಾಡಿಸಿ. ಗೋಡೆಯ ವಿಚಾರದಲ್ಲಿ, ಅದು ಭಾರ ಹೊರುವ ಗೋಡೆಯೋ ಬರೀ ಅಡ್ಡಗೋಡೆಯೋ ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಹೇಳುವವರೆಗೆ ಯಾರೂ ಕೈ ಹಾಕಬಾರದು; ತಂದೆ ಇದ್ದಿದ್ದರೆ ಮೊದಲು ಕೇಳುತ್ತಿದ್ದುದೂ ಅದನ್ನೇ. ಲೆಕ್ಕದ ಪಕ್ಕದಲ್ಲಿ ಟೇಪು ಹಿಡಿದು, ಪಕ್ಕದಿಂದ ಬೆಳಕು ಬೀಳುವಂತೆ ಚಿತ್ರ ತೆಗೆದಿಡಿ.

ಐದನೆಯ ಭೇಟಿಗೆ ತಮ್ಮನೂ ಬಂದರು. ಅವರನ್ನು ಮೊದಲೇ ಕರೆಸಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಕೊನೆಯ ದಿನಗಳಿಗೆ ಮುಂಚೆ ತಂದೆ ತಿಂಗಳುಗಟ್ಟಲೆ ಮಲಗಿದ್ದದ್ದು ಆ ಗೋಡೆಗೆ ಹೊಂದಿಕೊಂಡ ಕೋಣೆಯಲ್ಲೇ. ರಾತ್ರಿ ಎದ್ದು ನೋಡಿಕೊಂಡವರು ತಮ್ಮ. “ಆ ಬಾಗಿಲು ದಾಟಿದರೆ ಇವತ್ತಿಗೂ ಅವರು ಕೆಮ್ಮುವುದು ಕೇಳುತ್ತದೆ ಅಕ್ಕಾ. ಜಾಗ ಸಾಲದೆಂದು ನಾನು ಒಡೆಯುತ್ತಿಲ್ಲ” ಎಂದರು. ಅಕ್ಕ ಬಹಳ ಹೊತ್ತು ಮಾತನಾಡಲಿಲ್ಲ, ಆಮೇಲೆ ಕೈಚೀಲದಿಂದ ಬರಹದ ಹಾಳೆಗಳನ್ನು ತೆಗೆದು ತಮ್ಮನ ಕೈಗಿತ್ತರು.

ವರ್ಷ ತುಂಬುವವರೆಗೆ ಗೋಡೆಯನ್ನು ಮುಟ್ಟುವುದಿಲ್ಲವೆಂದು ಇಬ್ಬರೂ ಒಪ್ಪಿದ್ದಾರೆ. ಎಂಜಿನಿಯರ್ ಇನ್ನೂ ಬಂದು ನೋಡಬೇಕಿದೆ. ಬರಹ ಆರಂಭವಾಗುವುದು “ನೀರು ನಿಂತಿತಾ?” ಎಂಬ ಮಾತಿನಿಂದ. ಅದರ ಅಂಚಿನಲ್ಲಿ ತಮ್ಮ ಒಂದು ಸಾಲು ಸೇರಿಸಿದ್ದಾರೆ: ಅಕ್ಕ ಶಾಲೆಗೆ ಹೋದ ದಿನಗಳಲ್ಲಿ ಆ ತುದಿ ಹಿಡಿಯುತ್ತಿದ್ದದ್ದು ನಾನು.