ಹನ್ನೊಂದು ಸೋಮವಾರಗಳು

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಈತನನ್ನು ಬಸು ಅಂತ ಕರೆಯೋಣ. ಹೆಸರು, ಮನೆಯ ಒಂದೆರಡು ವಿವರ ಬದಲಿಸಿದ್ದೇನೆ. ಬರೆದಿದ್ದನ್ನು ಮೊದಲು ಅವನಿಗೇ ಓದಿಸಿದೆ. ‘ಆ ರಟ್ಟಿನ ವಿಷಯ ಬಿಡಬ್ಯಾಡ್ರಿ ಮೇಡಂ, ಉಳಿದವರೂ ನಗಲಿ’ ಅಂದ. ಎದುರು ಕೂತಾಗ ನಾನು ಅವನನ್ನು ‘ನೀವು’ ಎಂದೇ ಮಾತನಾಡಿಸುವುದು. ಬರೆಯುವಾಗ ಮಾತ್ರ ಏಕವಚನ ಬಂದುಬಿಡುತ್ತದೆ. ನನ್ನ ಮಗನ ವಯಸ್ಸಿನವನು.

2024ರ ಜುಲೈ ಮೊದಲ ವಾರ. ಧಾರವಾಡದಲ್ಲಿ ಜಿಟಿಜಿಟಿ ಮಳೆ. ಒದ್ದೆ ಕೊಡೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಐದು ನಿಮಿಷ ಬಾಗಿಲಲ್ಲೇ ನಿಂತಿದ್ದ. 27 ವರ್ಷ, ಬಿಎ ಮುಗಿದಿದೆ. 2021ರಿಂದ ಸಪ್ತಾಪುರದ ಒಂದು ರೂಮಿನಲ್ಲಿ ಇನ್ನಿಬ್ಬರ ಜೊತೆ ವಾಸ. ಎಫ್‌ಡಿಎ, ಪಿಎಸ್‌ಐ, ಪಿಡಿಒ, ಯಾವ ಸರ್ಕಾರಿ ಹುದ್ದೆಗೆ ಅರ್ಜಿ ಕರೆದರೆ ಅದಕ್ಕೆ ತಯಾರಿ. ಸಪ್ತಾಪುರ ನೋಡಿದವರಿಗೆ ಜಾಸ್ತಿ ಹೇಳಬೇಕಿಲ್ಲ. ಕೋಚಿಂಗ್ ಬೋರ್ಡುಗಳು, ಝೆರಾಕ್ಸ್ ಅಂಗಡಿ, ಖಾನಾವಳಿ, ತಿಂಗಳ ಲೆಕ್ಕಕ್ಕೆ ಕುರ್ಚಿ ಕೊಡುವ ಓದುವ ಕೋಣೆಗಳು. ಊರಲ್ಲಿ ಅಪ್ಪ, ಅಣ್ಣ ಐದು ಎಕರೆ ಹೊಲ ಮಾಡುತ್ತಾರೆ. ಖರ್ಚಿಗೆ ಹಣ ಅಲ್ಲಿಂದಲೇ ಬರಬೇಕು.

‘ನನಗ ಮೋಟಿವೇಶನ್ ಇಲ್ರಿ ಮೇಡಂ. ಅದು ಬರೋ ಹಂಗ ಏನರ ಮಾಡ್ರಿ.’

ಇದು ನಾನು ವಾರಕ್ಕೆ ಎರಡು ಸಲವಾದರೂ ಕೇಳುವ ಮಾತು. ಮಾತ್ರೆ ಕೇಳಿದ ಹಾಗೆ ಕೇಳುತ್ತಾರೆ. ಆದರೆ ಬಸುವಿಗೆ ಹುಮ್ಮಸ್ಸಿನ ಕೊರತೆ ಇರಲಿಲ್ಲ. ರಾತ್ರಿ ಹತ್ತೂವರೆಯಿಂದ ಸ್ಫೂರ್ತಿ ಭಾಷಣದ ವಿಡಿಯೋ. ಒಂದಾದ ಮೇಲೊಂದು, ಹನ್ನೆರಡೂವರೆವರೆಗೆ. ಕೇಳುವಾಗ ಮೈ ಜುಮ್ಮೆನ್ನುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ನಾಳೆಯಿಂದ ಬೇರೆಯೇ ಮನುಷ್ಯ ಅನ್ನಿಸುತ್ತದೆ. ಆ ವಿಡಿಯೋಗಳ ಮೇಲೆ ನನಗೇನೂ ಸಿಟ್ಟಿಲ್ಲ. ಉಪ್ಪಿನಕಾಯಿ ಎಲೆಯ ತುದಿಯಲ್ಲಿ ಇರಬೇಕಾದ್ದೇ. ಇವನು ಅದನ್ನೇ ಊಟ ಮಾಡುತ್ತಿದ್ದ.

ಮೊದಲ ದಿನವೇ ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ತುಂಬಿಸಿದೆ. 9 ಪ್ರಶ್ನೆ, ಹೆಚ್ಚೆಂದರೆ 27 ಅಂಕ. 10 ದಾಟಿದರೆ ನಾನು ಮನೋವೈದ್ಯರನ್ನು ಕಾಣಲು ಹೇಳುತ್ತೇನೆ. ನಮ್ಮಲ್ಲಿ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರವೇ ಇದೆ. ಬಸುವಿನದು 8 ಬಂತು. ಸಾಯುವ ಯೋಚನೆ ಬರುತ್ತದೆಯೇ ಎಂಬ ಕೊನೆಯ ಪ್ರಶ್ನೆಗೆ ಸೊನ್ನೆ. ಅದನ್ನು ಬಾಯಿಬಿಟ್ಟು ಇನ್ನೊಮ್ಮೆ ಕೇಳಿದೆ. ಇಲ್ಲ ಅಂದ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ನಂಬರನ್ನು ಅವನ ಫೋನಿನಲ್ಲಿ ಹಾಕಿಸಿ ಕಳಿಸಿದೆ.

ಕಳಿಸುವ ಮುಂಚೆ ಒಂದು ತಪ್ಪು ಮಾಡಿದೆ. ‘ಒಂದು ವಾರ ಪ್ರತಿ ತಾಸು ಏನು ಮಾಡಿದಿರಿ ಅಂತ ಬರೆದು ತನ್ನಿ’ ಅಂದೆ. ಪುಸ್ತಕದಲ್ಲಿ ಹೇಳಿಕೊಟ್ಟ ಪಾಠ, ಬಹಳ ಜನರಿಗೆ ಹೊಂದುತ್ತದೆ. ಮುಂದಿನ ವಾರ ಬಸು ತಂದದ್ದು ಮೂರು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದ ಸುಂದರ ಕೋಷ್ಟಕ. ಎರಡು ದಿನ ತುಂಬಿತ್ತು, ಐದು ದಿನ ಖಾಲಿ. ‘ನಿಮ್ಮ ಹತ್ತಿರಾನೂ ಫೇಲ್ ಆದೆ ನೋಡ್ರಿ’ ಅಂದ. ಅವನ ಕೈಗೆ ನಾನು ಇನ್ನೊಂದು ಟೈಮ್‌ಟೇಬಲ್ ಕೊಟ್ಟಿದ್ದೆ, ಅಷ್ಟೇ.

‘ಹಿಂದಿನ ಟೈಮ್‌ಟೇಬಲ್ ಯಾವುದಾದರೂ ಇದ್ದರೆ ತನ್ನಿ’ ಎಂದು ಹೇಳಿ ಕಳಿಸಿದೆ.

ಮೂರನೇ ಭೇಟಿಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಟ್ಟು ತಂದ. ರಟ್ಟಲ್ಲ, ಕಾಗದವೇ. ಗೋಡೆ ಕೆಡುತ್ತದೆ ಎಂದು ರೂಮಿನ ಮಾಲೀಕರು ಗೊಣಗಿದ್ದರಂತೆ. ಅದಕ್ಕೆ ಹೊಸ ಟೈಮ್‌ಟೇಬಲನ್ನು ಹಳೆಯದರ ಮೇಲೇ ಗಮ್ ಹಚ್ಚಿ ಅಂಟಿಸುತ್ತಾ ಬಂದಿದ್ದ. ಹನ್ನೊಂದು ಸೇರಿ ರಟ್ಟಿನಷ್ಟು ಗಟ್ಟಿಯಾಗಿತ್ತು. ಹಿಂಬದಿಗೆ ಗೋಡೆಯ ಸುಣ್ಣ ಕಿತ್ತು ಬಂದಿತ್ತು. ಮೂಲೆಗಳನ್ನು ಉಗುರಿನಿಂದ ಬಿಡಿಸುತ್ತಾ ಇಬ್ಬರೂ ಒಂದೊಂದೇ ದಿನಾಂಕ ಓದಿದೆವು. ಹನ್ನೊಂದೂ ಸೋಮವಾರ. ಎಲ್ಲದರಲ್ಲೂ 4 ಗಂಟೆಗೆ ಏಳುವುದು, 4:15ಕ್ಕೆ ಧ್ಯಾನ, 4:30ಕ್ಕೆ ಓಟ, ಆಮೇಲೆ ಹದಿನಾಲ್ಕು ತಾಸು ಓದು. ಮೇಲ್ಗಡೆ ಕೆಂಪಿನಲ್ಲಿ: ‘ಇದು ಕೊನೇ ಸಲ’.

ಐದನೆಯದಕ್ಕೆ ಬರುವ ಹೊತ್ತಿಗೆ ಅವನಿಗೇ ನಗು ಬಂತು. ಮೂರು ವಾರದಲ್ಲಿ ನಾನು ನೋಡಿದ ಮೊದಲ ನಗು.

‘ಸೋಮವಾರ ಸರಿ. ಬುಧವಾರ ಏನಾಗುತ್ತದೆ?’

ಅಲ್ಲಿಂದ ಕಥೆ ಬಿಚ್ಚಿಕೊಂಡಿತು. ಮಲಗುವುದು ಹನ್ನೆರಡೂವರೆಗೆ, ಏಳುವುದು ನಾಲ್ಕಕ್ಕೆ. ಎರಡು ದಿನ ಹಠದ ಮೇಲೆ ನಡೆಯುತ್ತದೆ. ಮೂರನೇ ದಿನ ಅಲಾರಂ ಕೇಳುವುದಿಲ್ಲ. ಕಣ್ಣು ಬಿಟ್ಟರೆ ಏಳು ಗಂಟೆ. ‘ಇವತ್ತಿಂದು ಹೋತು’ ಎಂದು ದಿನಪೂರ್ತಿ ಕೈಬಿಡುತ್ತಾನೆ. ಸಂಜೆ ಅಪ್ಪನ ಫೋನು: ‘ಹೆಂಗ್ ನಡದೈತಪಾ ಅಭ್ಯಾಸ?’ ‘ಚೊಲೋ ನಡದೈತಿ’ ಅನ್ನುತ್ತಾನೆ. ಆ ಸುಳ್ಳು ಹೇಳಿದ ಮೇಲೆ ಪುಸ್ತಕದ ಹತ್ತಿರ ಹೋಗಲು ನಾಚಿಕೆ. ಗುರುವಾರ, ಶುಕ್ರವಾರ ಹಾಗೇ ಹೋಗುತ್ತವೆ. ಶನಿವಾರ ಹೊಸ ಹಾಳಿ, ಸ್ಕೆಚ್ ಪೆನ್ನು. ಮೂರು ತಾಸು ಹೆಚ್ಚಿಗೆ ನಿದ್ದೆ ಮಾಡಿದ್ದಕ್ಕೆ ನಾಲ್ಕು ದಿನದ ದಂಡ.

ನಮ್ಮ ಕಡೆ ಓದುವುದಕ್ಕೂ ಅಭ್ಯಾಸ ಅನ್ನುತ್ತಾರೆ, ರೂಢಿಗೂ ಅಭ್ಯಾಸ ಅನ್ನುತ್ತಾರೆ. ಅಪ್ಪ ಕೇಳಿದ್ದು ಮೊದಲನೆಯದನ್ನು. ಹೋಗಿದ್ದು ಎರಡನೆಯದು.

ಅಣ್ಣ ಅವನಿಗೆ ‘ಆರಂಭಶೂರ’ ಎಂದು ಹೆಸರಿಟ್ಟಿದ್ದ. ಬಸು ಅದನ್ನು ನಂಬಿಕೊಂಡಿದ್ದ. ನಾನು ಪೂರ್ತಿ ಒಪ್ಪಲಿಲ್ಲ. ಅವನು 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಬರೆದವನು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಎರಡು ವರ್ಷಕ್ಕೂ ಜಾಸ್ತಿ ಕಾಲ, ಇದೆಯೋ ಇಲ್ಲವೋ ಗೊತ್ತಿಲ್ಲದ ಪರೀಕ್ಷೆಗೆ ದಿನಾ ಓದು ಅಂದರೆ ಯಾರಿಗಾದರೂ ಕಷ್ಟವೇ. ಎಲ್ಲವನ್ನೂ ಹುಡುಗನ ಸೋಮಾರಿತನದ ಲೆಕ್ಕಕ್ಕೆ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಇನ್ನೊಂದು ವಿಷಯ ಅವನದೇ. ಮರುಪರೀಕ್ಷೆಯಾದ ಮೇಲೆ ಒಂದೇ ಒಂದು ಮಾದರಿ ಪರೀಕ್ಷೆ ಬರೆದಿರಲಿಲ್ಲ. ಸುಮ್ನೆ ಓದುವುದು, ಗೆರೆ ಹಾಕುವುದು, ನೋಟ್ಸ್ ಮಾಡುವುದು. ಅಂಕ ಬಂದರೆ ಸತ್ಯ ಗೊತ್ತಾಗುತ್ತದೆ ಅಲ್ವಾ, ಅದು ಬೇಡವಾಗಿತ್ತು.

ಆ ಮಧ್ಯಾಹ್ನ ನಾನು ಓದಿನ ಮಾತು ಬಿಟ್ಟು ಹೊಲದ ಮಾತು ತೆಗೆದೆ. ಆ ಜೂನ್‌ನಲ್ಲಿ ಹತ್ತಿ ಬಿತ್ತಲು ಊರಿಗೆ ಹೋಗಿ ಬಂದಿದ್ದ.

‘ಸಾಲಿನಾಗ ಅಲ್ಲಲ್ಲಿ ಬೀಜ ಹುಟ್ಟದಿದ್ದರೆ ಏನು ಮಾಡ್ತೀರಿ? ಹೊಲ ಪೂರ್ತಿ ಹರಗಿ ಮತ್ತೆ ಬಿತ್ತುತ್ತೀರಾ?’

‘ಏ, ಯಾರ್ ಮಾಡ್ತಾರ್ರಿ ಹಂಗ! ಹುಟ್ಟದ ಜಾಗಾದಾಗ ಎರಡು ಕಾಳು ಕೈಲೆ ಊರತೀವ್ರಿ.’

‘ಮತ್ತೆ ಈ ಹನ್ನೊಂದು ಸಲ ಏನು ಮಾಡಿದಿರಿ?’

ಬಹಳ ಹೊತ್ತು ಮಾತಾಡಲಿಲ್ಲ. ರಟ್ಟಿನ ಅಂಚಿನ ಸುಣ್ಣವನ್ನು ಉಗುರಿನಿಂದ ಕೆರೆಯುತ್ತಾ ಕೂತ.

ಅವನಿಗೆ ನಾನು ಹೇಳಿದ್ದು ಹೆಚ್ಚು ಕಡಿಮೆ ಇಷ್ಟು. ನಿಮಗೆ ಶುರು ಮಾಡುವುದು ಚೆನ್ನಾಗಿ ಬರುತ್ತದೆ, ಹನ್ನೊಂದು ಸಲ ಮಾಡಿದ್ದೀರಿ. ತಪ್ಪಿದ ಮರುದಿನ ವಾಪಸ್ ಬಂದು ಕೂರುವುದನ್ನು ಒಮ್ಮೆಯೂ ಮಾಡಿಲ್ಲ. ಈಗ ಕಲಿಯಬೇಕಾಗಿರುವುದು ಅದೊಂದೇ. ಹಾಗಾಗಿ ತಪ್ಪುವುದನ್ನು ತಪ್ಪಿಸುವ ಯೋಜನೆ ಬೇಡ. ತಪ್ಪುತ್ತದೆ ಅಂತಲೇ ಇಟ್ಟುಕೊಳ್ಳೋಣ.

‘21 ದಿನ ಬಿಡದೆ ಮಾಡಿದರ ರೂಢಿ ಆಗತೈತಂತಲ್ರಿ?’ ಎಂದು ಕೇಳಿದ. ಈ 21ರ ಮೂಲ ತಮಾಷೆಯದು. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಒಬ್ಬರು 1960ರ ತಮ್ಮ ಪುಸ್ತಕದಲ್ಲಿ, ಬದಲಾದ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕನಿಷ್ಠ 21 ದಿನ ಬೇಕಾಗುತ್ತದೆ ಎಂದು ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುವಾಗ ‘ಕನಿಷ್ಠ’ ಬಿದ್ದುಹೋಯಿತು, ಮುಖವೂ ಬಿದ್ದುಹೋಯಿತು. ಲಂಡನ್ನಿನಲ್ಲಿ 96 ಜನರನ್ನು ಇಟ್ಟುಕೊಂಡು ನಡೆಸಿದ, 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಸಣ್ಣ ರೂಢಿ ತಾನಾಗಿ ಬರುವಂತಾಗಲು ಹಿಡಿದ ಕಾಲದ ಮಧ್ಯಮ ಲೆಕ್ಕ 66 ದಿನ. ಒಬ್ಬರಿಗೆ 18, ಇನ್ನೊಬ್ಬರಿಗೆ 254 ಎಂಬ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಿರಲಿಲ್ಲ. ಬಸುವಿಗೆ ಬೇಕಾಗಿದ್ದ ಸುದ್ದಿ ಈ ಕೊನೆಯದು.

ಜುಲೈ 24, ನಾಲ್ಕನೇ ಭೇಟಿ. ‘ಆಷಾಢ ಐತ್ರಿ ಮೇಡಂ, ಆಗಸ್ಟ್ ಐದಕ್ಕ ಶ್ರಾವಣ ಹತ್ತತೈತಿ. ಅವತ್ತು ಸೋಮವಾರಾನೂ ಐತಿ’ ಅಂದ, ಕಣ್ಣಲ್ಲಿ ಅದೇ ಹಳೇ ಹೊಳಪು. ಅದು ಹನ್ನೆರಡನೇ ಸೋಮವಾರವಾಗುತ್ತಿತ್ತು. ಆಷಾಢದ ಬುಧವಾರ, ಮಧ್ಯಾಹ್ನ ಮೂರೂವರೆ, ನನ್ನ ಎದುರಿಗೇ ಶುರುವಾಗಲಿ ಅಂದೆ. ಬಳಸಿ ಬಿಟ್ಟ ಕಾಗದದ ಹಿಂಬದಿಗೆ ಪೆನ್ಸಿಲ್‌ನಲ್ಲಿ ಸೊಟ್ಟಸೊಟ್ಟಗೆ 70 ಮನೆ ಎಳೆದೆ. ರೂಮಿಗೆ ಹೋಗಿ ನೀಟಾಗಿ ಬರೆಯುತ್ತೇನೆ ಅಂದ. ಬೇಡ, ಇದೇ ಹಾಳಿ ಇರಲಿ, ಕೊನೆಯವರೆಗೆ ಬದಲಿಸಬಾರದು ಅಂದೆ.

ದಿನದ ಕೆಲಸ ಇಷ್ಟೇ: ಖಾನಾವಳಿಯಲ್ಲಿ ಬೆಳಗಿನ ನಾಷ್ಟಾ ಆದ ಮೇಲೆ ಓದುವ ಕೋಣೆಗೆ ಹೋಗಿ, ಹಳೇ ಪ್ರಶ್ನೆಪತ್ರಿಕೆಯ 20 ಪ್ರಶ್ನೆ ಬಿಡಿಸುವುದು. ಆಮೇಲೆ ಎಷ್ಟು ಓದಿದರೂ ಸರಿ, ಓದದಿದ್ದರೂ ಮನೆಯಲ್ಲಿ ಒಂದು ಗೀಟು. ಎಷ್ಟು ಗಂಟೆಗೆ ಎನ್ನುವ ಬದಲು ಯಾವುದಾದ ಮೇಲೆ ಎಂದು ಕಟ್ಟಿದ್ದು ಬೇಕಂತಲೇ. ಗಂಟೆ ತಪ್ಪುತ್ತದೆ, ನಾಷ್ಟಾ ತಪ್ಪುವುದಿಲ್ಲ. ಏಳುವುದು ಆರೂವರೆಗೆ. ನಾಲ್ಕು ಗಂಟೆಯ ಆಸೆಯನ್ನು ಬಿಡಿಸಲು ನನಗೆ ಅರ್ಧ ತಾಸು ಹಿಡಿಯಿತು. ಬೆಳಗಿನ ಜಾವ ಎದ್ದವನೇ ಗೆಲ್ಲುವುದು ಎಂದು ಯಾರೋ ತಲೆಗೆ ತುಂಬಿದ್ದರು. ಏಳು ತಾಸು ಮಲಗಿದವನಿಗೆ ಓದಿದ್ದು ತಲೆಯಲ್ಲಿ ನಿಲ್ಲುತ್ತದೆ ಎಂದು ಯಾರೂ ಹೇಳಿರಲಿಲ್ಲ. ಫೋನಿನ ಉಪಾಯ ಅವನದೇ: ರಾತ್ರಿ ಊಟವಾದ ಮೇಲೆ ಖಾನಾವಳಿಯ ಅಕ್ಕನ ಹತ್ತಿರ ಕೊಟ್ಟು, ಬೆಳಿಗ್ಗೆ ನಾಷ್ಟಾಕ್ಕೆ ಹೋದಾಗ ತಗೊಳ್ಳುವುದು. ಅಲಾರಂಗೆ ಒಂದು ಗಡಿಯಾರ ಕೊಂಡ.

ತಪ್ಪಿದ ದಿನ ಮನೆ ಖಾಲಿ ಬಿಡಬೇಕು. ಮರುದಿನ 40 ಪ್ರಶ್ನೆ ಮಾಡಿ ಸರಿದೂಗಿಸುವಂತಿಲ್ಲ. ಅವತ್ತೂ 20 ಆಗದಿದ್ದರೆ ಎರಡೇ ಪ್ರಶ್ನೆ, ಊರಿದ ಎರಡು ಕಾಳಿನ ಹಾಗೆ. ತನ್ನನ್ನು ತಾನು ಬೈದುಕೊಳ್ಳುವುದೇ ಶಿಸ್ತು ಎಂದು ಅವನು ತಿಳಿದಿದ್ದ. ಕೆನಡಾದ ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಅಧ್ಯಯನವೂ 2010ರಲ್ಲೇ ಬಂದಿದೆ. ಮೊದಲ ಪರೀಕ್ಷೆಗೆ ಓದದೆ ಮುಂದೂಡಿದ್ದಕ್ಕೆ ತಮ್ಮನ್ನು ಕ್ಷಮಿಸಿಕೊಂಡವರು ಎರಡನೇ ಪರೀಕ್ಷೆಗೆ ಅಷ್ಟು ಮುಂದೂಡಲಿಲ್ಲ. ಇದನ್ನು ಹೇಳಿದಾಗ ಬಸು ನಂಬಲಿಲ್ಲ. ನಂಬಬೇಕಾಗಿಲ್ಲ, ಮಾಡಿ ನೋಡಿ ಅಂದೆ.

ಆಗಸ್ಟ್‌ನಲ್ಲಿ ನೂರು ಪ್ರಶ್ನೆಯ ಸಾಮಾನ್ಯ ಜ್ಞಾನದ ಪತ್ರಿಕೆಯನ್ನು ಗಡಿಯಾರ ಇಟ್ಟು 90 ನಿಮಿಷದಲ್ಲಿ ಬರೆದ. ತಪ್ಪಿಗೆ ಕಾಲು ಅಂಕ ಕಳೆದು 41 ಬಂತು. ಎರಡು ದಿನ ಓದುವ ಕೋಣೆಯ ಕಡೆ ಹೋಗಲಿಲ್ಲ. ಮೂರನೇ ದಿನ ಎರಡು ಪ್ರಶ್ನೆ ಮಾಡಿ ಬಂದ.

ಅಪ್ಪನ ಮಾತು ಎಲ್ಲದಕ್ಕಿಂತ ಕಷ್ಟದ್ದಾಗಿತ್ತು. ಏನು ಹೇಳಬೇಕೆಂದು ನನ್ನ ಕೋಣೆಯಲ್ಲಿ ಎರಡು ಸಲ ಹೇಳಿ ನೋಡಿದ. ಆಮೇಲೆ ಫೋನ್ ಬಿಟ್ಟು ಊರಿಗೇ ಹೋದ. ‘ಚೊಲೋ ನಡದಿಲ್ಲಪಾ, ಈಗ ಸುರು ಮಾಡೇನಿ’ ಅಂದನಂತೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗೊತ್ತೈತಿ ಬಿಡು, ಉಣ್ಣು ಬಾ’ ಅಂದರಂತೆ. ಅಣ್ಣ ಮಾತ್ರ ಅವತ್ತು ಮಾತಾಡಲಿಲ್ಲ. ಇನ್ನೂ ಎಷ್ಟು ವರ್ಷ ಹೀಗೆ, ಕೆಲಸ ಸಿಗದಿದ್ದರೆ ಮುಂದೇನು ಎಂಬುದನ್ನು ಮೂವರೂ ಕೂತು ಮಾತಾಡಬೇಕಿದೆ. ಅದು ಬಾಕಿ ಇದೆ.

ಸೆಪ್ಟೆಂಬರ್ 18ಕ್ಕೆ ಬಂದಾಗ ಅದೇ ಹಾಳಿ ಮಡಿಕೆ ಬಿಚ್ಚಿ ಮೇಜಿನ ಮೇಲಿಟ್ಟ. ಒಂದು ಮೂಲೆಗೆ ಚಹಾ ಕಲೆ, ಮಡಿಕೆಯ ಜಾಗದಲ್ಲಿ ಸವೆದು ಹರಿಯುವ ಹಾಗಿತ್ತು, ಅದಕ್ಕೆ ಸೆಲ್ಲೋಟೇಪ್. 56 ದಿನದಲ್ಲಿ 17 ಮನೆ ಖಾಲಿ. ನಾನು ಎಣಿಸುವುದನ್ನೇ ನೋಡುತ್ತಿದ್ದ.

‘ಈ ವಾರ ಮೂರು ದಿನ ತಪ್ಪೇತ್ರಿ’ ಅಂದ. ‘ಹಾಳಿ ಮಾತ್ರ ಅದ ಐತಿ ನೋಡ್ರಿ.’